ಮಗನ ಕೈಯಲ್ಲಿ ತಾಯಿಯ ದಿನಚರಿ

ತಾಯಿಯನ್ನು ಕುರಿತು ಮಕ್ಕಳು ಹೊರತರುವ ಪುಸ್ತಕಗಳಲ್ಲಿ ಬಹುಪಾಲು ಆಕೆಯನ್ನು ತ್ಯಾಗಮೂರ್ತಿಯೆಂಬ ಒಂದೇ ಬಿರುದಿನಲ್ಲಿ ಮುಗಿಸಿಬಿಡುತ್ತವೆ. ಆಕೆಗೆ ಸಿಟ್ಟು ಬರುತ್ತಿತ್ತೆಂಬುದಾಗಲಿ, ಮನೆಮಂದಿಯ ಗೊಡವೆಯಿಲ್ಲದೆ ತನ್ನದೊಂದು ಕೆಲಸದಲ್ಲಿ ಮುಳುಗಿರಬೇಕೆಂಬ ಹಂಬಲವಿತ್ತೆಂಬುದಾಗಲಿ ಅಲ್ಲಿ ಕಾಣಿಸದು. ಜರ್ಮನಿಯ ಕಲಾವಿದೆ ಕೇಟೆ ಕೋಲ್ವಿಟ್ಸಳ ದಿನಚರಿಯನ್ನೂ ಪತ್ರಗಳನ್ನೂ ಆಯ್ದು, ಆಕೆಯ ಹಿರಿಯ ಮಗ ಹಾನ್ಸ್ 1948ರಲ್ಲಿ ಬರ್ಲಿನ್ನಿನಲ್ಲಿ ಪ್ರಕಟಿಸಿದ ಗ್ರಂಥವು ಈ ಸುಲಭಮಾರ್ಗವನ್ನು ಬಹುಮಟ್ಟಿಗೆ ಬಿಟ್ಟು ನಡೆದದ್ದರಿಂದಲೇ ಇಂದಿಗೂ ಓದಿಸಿಕೊಳ್ಳುತ್ತದೆ.

ಬಾಳಿನ ಹೊರರೇಖೆ ಇಷ್ಟು. 1867ರಲ್ಲಿ ಕೋನಿಗ್ಸ್‌ಬರ್ಗ್ ನಗರದಲ್ಲಿ ಜನನ. ತಂದೆ ನ್ಯಾಯಶಾಸ್ತ್ರವನ್ನು ಓದಿಯೂ ಗಾರೆಕೆಲಸವನ್ನು ಕಲಿತು ಕಟ್ಟಡ ಕಟ್ಟಿಸುವುದನ್ನೇ ವೃತ್ತಿಯಾಗಿ ಹಿಡಿದವನು. 1891ರಲ್ಲಿ ಕೈಹಿಡಿದ ಪತಿ ಕಾರ್ಲ್, ಬರ್ಲಿನ್ನಿನ ಬಡ ಕಾರ್ಮಿಕರ ವೈದ್ಯ. ಐವತ್ತು ವರ್ಷಗಳಿಗೂ ಮಿಕ್ಕಿ ಆಕೆ ಬಾಳಿದ್ದು ಕಾರ್ಮಿಕರ ಕೇರಿಯ ಒಂದೇ ಮನೆಯಲ್ಲಿ. ಗಂಡನ ಬಳಿಗೆ ಔಷಧಕ್ಕೆಂದು ಬಂದ ಹೆಂಗಸರು ಹೆಂಡತಿಯೊಡನೆ ತಮ್ಮ ಕಷ್ಟವನ್ನು ಹೇಳಿಕೊಳ್ಳುತ್ತಿದ್ದರು. ಹೌಪ್ಟ್‌ಮನ್ನನ ನಾಟಕವನ್ನು 1893ರಲ್ಲಿ ನೋಡಿ ಆಕೆ ಕೈಗೊಂಡ ನೇಕಾರರ ದಂಗೆಯ ಚಿತ್ರಮಾಲೆಗೆ 1898ರಲ್ಲಿ ಚಿನ್ನದ ಪದಕ ಸಲ್ಲಬೇಕೆಂದು ತೀರ್ಪುಗಾರರು ಸೂಚಿಸಿದಾಗ, ಚಕ್ರವರ್ತಿ ವಿಲ್‌ಹೆಲ್ಮನು ಅದನ್ನು ತಳ್ಳಿಹಾಕಿದನು. 1919ರಲ್ಲಿ ಪ್ರಷ್ಯದ ಕಲಾ ಅಕಾಡೆಮಿಗೆ ಆಯ್ಕೆಯಾದ ಮೊದಲ ಮಹಿಳೆ ಈಕೆ. 1933ರಲ್ಲಿ ನಾಜಿಗಳ ಒತ್ತಡದಿಂದ ಅದನ್ನು ತೊರೆಯಬೇಕಾಯಿತು. ಪದಕ ಕೊಡದ ಅರಸನೂ ಪದವಿ ಕಿತ್ತುಕೊಂಡ ಸರ್ಕಾರವೂ ಆಕೆಗೆ ಮಾಡಿದ ಉಪಕಾರವೇನು ಸಾಮಾನ್ಯವೇ!

ಆಕೆಯ ಕೃತಿಗಳಲ್ಲಿ ಒಂದನ್ನು ಹತ್ತಿರದಿಂದ ನೋಡಬೇಕು: ತಾಮ್ರದ ಫಲಕದ ಮೇಲೆ ಕೊರೆದು 1903ರಲ್ಲಿ ಅಚ್ಚು ತೆಗೆದ ‘ಸತ್ತ ಮಗುವಿನೊಡನೆ ಹೆಂಗಸು’. ನೆಲದ ಮೇಲೆ ಕಾಲು ಮಡಿಚಿ ಕುಳಿತ ನಗ್ನಸ್ತ್ರೀ. ಹಿಂದಕ್ಕೆ ಜೋತ ಮಗುವಿನ ತಲೆ. ಅದರ ಎದೆಯಲ್ಲಿ ಮೂಗು ಬಾಯಿಗಳನ್ನು ಹೂತು, ಹೋದ ಉಸಿರನ್ನು ಮರಳಿ ಎಳೆದುಕೊಳ್ಳುವಳೋ ಎಂಬಂತೆ ಅಪ್ಪಿರುವ ತಾಯಿ. ಇಲ್ಲಿ ಕಣ್ಣೀರಿಲ್ಲ, ಮುಖವೇ ಅರ್ಧ ಮರೆಯಾಗಿದೆ. ದುಃಖವೆಲ್ಲ ಮೊಣಕಾಲಿನ ಗಂಟಿನಲ್ಲಿಯೂ ಹೆಗಲಿನ ಬಿಗಿತದಲ್ಲಿಯೂ ನಿಂತಿದೆ. ಏಳು ವರ್ಷದ ಕಿರಿಯ ಮಗ ಪೀಟರನನ್ನು ತೋಳಿನಲ್ಲಿ ಹಿಡಿದು, ಕನ್ನಡಿಯ ಮುಂದೆ ಕುಳಿತು ಆಕೆ ಇದನ್ನು ಬರೆದುಕೊಂಡಳು. ದಣಿವಿನಿಂದ ತಾನು ನರಳಿದಾಗ ಮಗುವೇ ಸಮಾಧಾನ ಹೇಳಿತೆಂದು ಮುಂದೆ ಪತ್ರವೊಂದರಲ್ಲಿ ನೆನೆದಿದ್ದಾಳೆ. ಹನ್ನೊಂದು ವರ್ಷಗಳ ತರುವಾಯ ಆ ಪೀಟರನೇ ಯುದ್ಧದಲ್ಲಿ ಮಡಿದನಾದ್ದರಿಂದ, ಇದನ್ನು ಭವಿಷ್ಯವಾಣಿಯೆಂದು ಓದುವವರುಂಟು. ನನಗೆ ಅದು ಭಾವುಕತೆಯ ಸೋಮಾರಿತನವಾಗಿ ತೋರುತ್ತದೆ. ಕನ್ನಡಿ, ನೋಯುವ ತೋಳು, ತಾಮ್ರ, ಆಮ್ಲ ಇವುಗಳೊಡನೆ ಹೆಣಗಿದ ಕಸುಬುದಾರಳ ಶ್ರಮವನ್ನು ವಿಧಿಯ ಖಾತೆಗೆ ಬರೆದುಬಿಡುವುದು ಆಕೆಗೆ ಮಾಡುವ ಗೌರವವಲ್ಲ.

1914ರಲ್ಲಿ ಸೈನ್ಯಕ್ಕೆ ಸೇರಲು ಹದಿನೆಂಟರ ಪೀಟರನಿಗೆ ತಂದೆಯ ಅನುಮತಿ ಬೇಕಾಗಿತ್ತು, ಕಾರ್ಲ್ ಒಪ್ಪಲಿಲ್ಲ, ಮಗನ ಪರವಾಗಿ ಮಾತನಾಡಿ ಒಪ್ಪಿಸಿದವಳು ತಾಯಿ. ಅಕ್ಟೋಬರ್ ತಿಂಗಳಲ್ಲಿ ಅವನು ಫ್ಲಾಂಡರ್ಸಿನಲ್ಲಿ ಬಿದ್ದನು. ದಿನಚರಿಯ ಹೆಚ್ಚಳವಿರುವುದು ಇದರ ಮುಂದಿನ ಪುಟಗಳಲ್ಲಿ. ಅದೇ ಡಿಸೆಂಬರಿನಲ್ಲಿ ಆಕೆ ಸ್ಮಾರಕವೊಂದನ್ನು ಯೋಚಿಸಿದಳು: ನಡುವೆ ಮಲಗಿದ ಮಗ, ತಲೆದೆಸೆಗೆ ತಂದೆ, ಕಾಲ್ದೆಸೆಗೆ ತಾಯಿ. ವರ್ಷಗಟ್ಟಲೆ ಕೆತ್ತಿ, ಕೆಡಿಸಿ, 1919ರಲ್ಲಿ ಕೈಬಿಟ್ಟು, ಕೆಲವು ವರ್ಷಗಳ ಮೇಲೆ ಮತ್ತೆ ಹಿಡಿದಾಗ ಮಗನ ವಿಗ್ರಹವೇ ಯೋಜನೆಯಿಂದ ಹೊರಟುಹೋಗಿ, ಮೊಣಕಾಲೂರಿದ ತಂದೆತಾಯಿಗಳಿಬ್ಬರೇ ಉಳಿದರು. 1932ರಲ್ಲಿ ಬೆಲ್ಜಿಯಮ್ಮಿನ ಸೈನಿಕ ಶ್ಮಶಾನದಲ್ಲಿ ಅವು ನಿಂತವು. ತಂದೆ ತನ್ನ ತೋಳುಗಳಿಂದ ತನ್ನನ್ನೇ ಬಿಗಿದುಕೊಂಡು ನೆಟ್ಟಗಿದ್ದಾನೆ. ತಾಯಿ ಬಾಗಿ ತಲೆ ತಗ್ಗಿಸಿದ್ದಾಳೆ. ಬೇರೆಬೇರೆ ಪೀಠಗಳ ಮೇಲಿರುವ ಈ ದಂಪತಿಗಳು ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ. ಹದಿನೆಂಟು ವರ್ಷ ಬದುಕಿದ ಮಗನಿಗಾಗಿ ಹದಿನೆಂಟು ವರ್ಷದ ಕೆಲಸ! ಯುದ್ಧಕ್ಕೆ ಒಪ್ಪಿಗೆ ಕೊಡಿಸಿದ್ದ ತಾಯಿಯೇ, 1918ರ ಅಕ್ಟೋಬರಿನಲ್ಲಿ ಕವಿ ಡೇಮೆಲ್ ಇನ್ನಷ್ಟು ಸ್ವಯಂಸೇವಕರನ್ನು ಕರೆದಾಗ, ಬಿತ್ತನೆಯ ಕಾಳನ್ನು ಬೀಸಲಾಗದೆಂಬ ಗಯಟೆಯ ಮಾತನ್ನು ಮುಂದಿಟ್ಟು ಬಹಿರಂಗವಾಗಿ ಪ್ರತಿಭಟಿಸಿದಳು.

ಇನ್ನು ಸಂಪಾದಕನ ಮಾತು. ಹಾನ್ಸ್ ವೃತ್ತಿಯಿಂದ ವೈದ್ಯ. ತಮ್ಮನನ್ನು ಮೊದಲ ಯುದ್ಧದಲ್ಲಿಯೂ, ಆ ತಮ್ಮನ ಹೆಸರನ್ನೇ ಇಟ್ಟಿದ್ದ ಮಗನನ್ನು 1942ರಲ್ಲಿ ಎರಡನೆಯದರಲ್ಲಿಯೂ ಕಳೆದುಕೊಂಡವನು. ಆತನ ಅತ್ಯುತ್ತಮ ಕೆಲಸವು ತಾಯಿ ಬದುಕಿರುವಾಗಲೇ ನಡೆಯಿತು: ಆಕೆಯನ್ನು ಕೇಳಿ, ಕಾಡಿ, ಬಾಲ್ಯಯೌವನಗಳ ನೆನಪನ್ನು ಬರೆಯಿಸಿದನು. ತನ್ನ ಒಲವು ಪುರುಷರ ಕಡೆಗೇ ಪ್ರಬಲವಾಗಿದ್ದರೂ ಸ್ತ್ರೀಯರತ್ತಲೂ ಸೆಳೆತವಿತ್ತೆಂದು ಆಕೆ ಅಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದಳು. ಮಗ ಅದನ್ನು ಅಳಿಸಲಿಲ್ಲ. ಎಷ್ಟು ಮಂದಿ ಮಕ್ಕಳು ಇಷ್ಟು ನಂಬಿಕೆಯಿಂದ ತಾಯಿಯ ಮಾತನ್ನು ಅಚ್ಚಿಗೆ ಕೊಟ್ಟಾರು? ಆದರೂ ಆಯ್ಕೆ ಆಯ್ಕೆಯೇ. ದಿನಚರಿಯ ಸತ್ತ್ವ ಅದರ ಬೇಸರದ ಪುಟಗಳಲ್ಲಿಯೂ ಇರುತ್ತದೆ. ಕೈ ಓಡದ ವಾರಗಳು, ಒಂದೇ ದೂರನ್ನು ಹತ್ತು ಸಲ ಬರೆಯುವ ಹಟ, ಇವು ತೆಳುವಾದಷ್ಟೂ ತಾಯಿ ಸೌಮ್ಯಳಾಗುತ್ತಾಳೆ. ಮೊಮ್ಮಗಳು ಯುಟ್ಟಾ 1989ರಲ್ಲಿ 1908ರಿಂದ 1943ರವರೆಗಿನ ದಿನಚರಿಯನ್ನು ಸಮಗ್ರವಾಗಿ ಸಂಪಾದಿಸಿದ ಮೇಲೆ, ಹಾನ್ಸನ ಗ್ರಂಥವನ್ನು ಪ್ರವೇಶದ್ವಾರವೆಂದು ಎಣಿಸಬೇಕೇ ಹೊರತು ಮನೆಯೆಂದಲ್ಲ.

ಹೊಸದಾಗಿ ಓದುವವರಿಗೆ ನನ್ನ ಸಲಹೆ ಇಷ್ಟೆ: ಆಕೆ ಮಗನಿಗಾಗಿ ಬರೆದ ನೆನಪುಗಳನ್ನು ಮೊದಲು ಓದಿರಿ, ಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಂಡು ದಿನಚರಿಯನ್ನು ತಾರೀಖಿನ ಕ್ರಮದಲ್ಲಿ ಓದಿರಿ, ಮಗನ ಮುನ್ನುಡಿಯನ್ನು ಎಲ್ಲಕ್ಕೂ ಕಡೆಗೆ ಇರಿಸಿಕೊಳ್ಳಿರಿ.