ಮಂಡಿಯ ಬೆಲೆ ಕಟ್ಟಿದವರು ಯಾರು?

2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಡೆರೆಕ್ ಶಾವಿನ್ ಎಂಬ ಬಿಳಿಯ ಪೊಲೀಸ್, ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯನ ಕತ್ತಿನ ಮೇಲೆ ಒಂಬತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಮಂಡಿಯೂರಿ ಕೊಂದ. 2021ರಲ್ಲಿ ನಗರಾಡಳಿತ ಆ ಕುಟುಂಬಕ್ಕೆ 2 ಕೋಟಿ 70 ಲಕ್ಷ ಡಾಲರ್ ಪರಿಹಾರ ಒಪ್ಪಿತು. ಯಾರ ದುಡ್ಡು? ಕೊಂದವನದಲ್ಲ, ಊರಿನದು. ಒದೆ ತಿಂದ ಕೇರಿಯವರೇ ದಂಡವನ್ನೂ ತೆರಬೇಕು. ಇದ್ಯಾವ ನ್ಯಾಯ?

ಆಮೇಲೆ ನೂರಾರು ಪೊಲೀಸರು ಕೆಲಸ ಬಿಟ್ಟರು. ಮನಸ್ಸಿಗೆ ಆಘಾತವಾಗಿದೆ ಅಂತ ಅನೇಕರು ಪರಿಹಾರವನ್ನೂ ಪಡೆದರು. 900ರ ಹತ್ತಿರವಿದ್ದ ಪಡೆ 2023ರ ಹೊತ್ತಿಗೆ 600ಕ್ಕಿಂತ ಕೆಳಗಿಳಿಯಿತು. ಕಪ್ಪು ಜನ ಹೆಚ್ಚಾಗಿರುವ ಉತ್ತರ ಭಾಗದ ಕೆಲವು ನಿವಾಸಿಗಳೇ, ಗುಂಡೇಟಿಗೆ ಹೆದರಿ, ಪೊಲೀಸರು ಬೇಕು ಅಂತ ಕೋರ್ಟಿಗೆ ಹೋದರು. ಪೊಲೀಸ್ ಇದ್ದರೂ ಭಯ, ಇಲ್ಲದಿದ್ದರೂ ಭಯ.

ಚಳವಳಿಯೇ ಪಡೆ ಮುರಿಯಿತು ಅಂತಾರೆ ಕೆಲವರು. ಅವರು ಲೆಕ್ಕವನ್ನು ಕೊನೆಯಿಂದ ಓದುವವರು. 2017ರಲ್ಲೇ ಶಾವಿನ್ ಹದಿನಾಲ್ಕರ ಕಪ್ಪು ಹುಡುಗನ ಮೇಲೆ ಹೀಗೇ ಮಂಡಿಯೂರಿದ್ದ. ಪೊಲೀಸರ ಕ್ಯಾಮೆರಾದಲ್ಲೇ ಅದು ದಾಖಲಾಗಿತ್ತು. ಅದಕ್ಕೆ ನಗರ 75 ಲಕ್ಷ ಡಾಲರ್ ಪರಿಹಾರ ಒಪ್ಪಿದ್ದು 2023ರಲ್ಲಿ. ಆವತ್ತೇ ಅವನ ಖಾಕಿ ಕಳಚಿದ್ದರೆ ಫ್ಲಾಯ್ಡ್ ಅವನ ಮಂಡಿಗೆ ಸಿಗುತ್ತಿರಲಿಲ್ಲ.

ಖರ್ಚಿನ ಪಟ್ಟಿ ಅಲ್ಲಿಂದಲೇ ಶುರುವಾಗಲಿ. ಕಂಡೂ ಸುಮ್ಮನಿದ್ದ ಮೇಲಧಿಕಾರಿಗಳ ಹೆಸರು ಅದರ ಮೊದಲ ಸಾಲಿನಲ್ಲಿರಲಿ.