ಸಂಘಟ್ಟನ ಬಿಂದುವಿನ ಇತಿಹಾಸ: ಒಂದು ವಿಮರ್ಶೆ

ಕಣಭೌತವಿಜ್ಞಾನದ ಇತಿಹಾಸವನ್ನು ಶೋಧಗಳ ಇತಿಹಾಸವೆಂದೇ ಹೇಳಿಕೊಡುವುದು ನಮ್ಮ ಕಾಲೇಜುಗಳಲ್ಲಿ ರೂಢಿಯಾಗಿದೆ. 2012ನೆಯ ಜುಲೈ 4ರಂದು ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಹಿಗ್ಸ್ ಕಣದ ಶೋಧ ಪ್ರಕಟವಾಯಿತೆಂಬುದನ್ನು ವಿದ್ಯಾರ್ಥಿ ಬಲ್ಲನು; 27 ಕಿಲೋಮೀಟರು ಸುತ್ತಳತೆಯ ಸುರಂಗದಲ್ಲಿ ಪ್ರೋಟಾನುಗಳು ಎದುರುಬದುರಾಗಿ ಬಂದು ತಾಕಿದವೆಂಬುದನ್ನೂ ಬಲ್ಲನು. ಅವು ತಾಕುವಂತೆ ಮಾಡಿದುದು ಹೇಗೆಂಬ ಪ್ರಶ್ನೆ ಮಾತ್ರ ಏಳುವುದೇ ಇಲ್ಲ. ಈ ನಿರೂಪಣಾಕ್ರಮ ಅಪೂರ್ಣವಾದುದು. ಅದರಿಂದ ಕನ್ನಡನಾಡಿನ ಪಾಲೂ ಮರೆಯಾಗುತ್ತಿದೆ ಎಂಬುದು ನಮ್ಮ ವಾದ.

ಆ ಯಂತ್ರದಲ್ಲಿ ಪ್ರೋಟಾನುಗಳು ಗೊಂಚಲುಗಳಾಗಿ ಸಂಚರಿಸುತ್ತವೆ. ಒಂದೊಂದು ಗೊಂಚಲಿನಲ್ಲಿ ಹತ್ತು ಸಾವಿರ ಕೋಟಿಗೂ ಹೆಚ್ಚು ಕಣಗಳಿದ್ದರೂ ಎರಡು ಗೊಂಚಲುಗಳು ಪರಸ್ಪರ ಹಾಯ್ದಾಗ ಘರ್ಷಣೆಗಳು ಕೆಲವೇ ಹತ್ತುಗಳಷ್ಟು ಮಾತ್ರ. ಆದುದರಿಂದ ಕಿರಣಪುಂಜವನ್ನು ಸಂಘಟ್ಟನ ಬಿಂದುವಿನಲ್ಲಿ ಕೃಶಗೊಳಿಸುವುದೇ ವಿನ್ಯಾಸಕಾರನ ಮುಖ್ಯ ಕಾರ್ಯ. ಬಿಂದುವಿನ ಎರಡು ಪಾರ್ಶ್ವಗಳಲ್ಲಿಯೂ ಇರಿಸಿದ ಮೂರುಮೂರು ಚತುರ್ಧ್ರುವ ಅಯಸ್ಕಾಂತಗಳ ಸಮೂಹವು 0.2 ಮಿಲಿಮೀಟರು ಅಗಲದ ಪುಂಜವನ್ನು 16 ಮೈಕ್ರಾನಿಗೆ ಇಳಿಸುತ್ತದೆ. ಚತುರ್ಧ್ರುವವು ಗಾಜಿನ ಮಸೂರದಂತಲ್ಲ. ಒಂದು ದಿಕ್ಕಿನಲ್ಲಿ ಕೂಡಿಸಿದರೆ ಅದಕ್ಕೆ ಅಡ್ಡವಾದ ದಿಕ್ಕಿನಲ್ಲಿ ಚದರಿಸುತ್ತದೆ. ಅವುಗಳನ್ನು ಸರದಿಯಂತೆ ಜೋಡಿಸಿದಾಗ ಮಾತ್ರ ಒಟ್ಟು ಫಲ ಕೂಡುವಿಕೆಯಾಗುತ್ತದೆ.

ಈ ತತ್ತ್ವವನ್ನು 1952ರಲ್ಲಿ ಅಮೆರಿಕದ ಬ್ರೂಕ್‌ಹೇವನ್ನಿನ ಕೂರಾಂಟ್, ಲಿವಿಂಗ್‌ಸ್ಟನ್ ಮತ್ತು ಸ್ನೈಡರ್ ಪ್ರಕಟಿಸಿದರು. ಆದರೆ ಗ್ರೀಸ್ ದೇಶದ ಎಂಜಿನಿಯರ್ ನಿಕೊಲಾಸ್ ಕ್ರಿಸ್ಟೊಫಿಲೊಸ್ ಅದನ್ನು ಮೊದಲೇ ಕಂಡುಕೊಂಡು 1950ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ದನು. ಅವನ ಹಿರಿಮೆಗೆ ಮನ್ನಣೆ ದೊರೆತುದು ತರುವಾಯ. ಯಾರ ಕೆಲಸ ದಾಖಲಾಗುತ್ತದೆ, ಯಾರದು ಬಿಟ್ಟುಹೋಗುತ್ತದೆ ಎಂಬುದು ಇಲ್ಲಿಯೂ ಇತಿಹಾಸಕಾರನ ಪ್ರಶ್ನೆಯೇ.

ಈ ಪ್ರಶ್ನೆ ನಮ್ಮ ನಾಡಿಗೂ ಸಲ್ಲುತ್ತದೆ. ಚತುರ್ಧ್ರುವವು ತುಸು ಜರುಗಿದರೂ ಪುಂಜ ತನ್ನ ಪಥದಿಂದ ವಾಲುತ್ತದೆ. ಹಾದಿಯುದ್ದಕ್ಕೂ ಕೆಟ್ಟ ಪುಂಜವನ್ನು ಕೊನೆಯ ಮಸೂರ ತಿದ್ದಲಾರದು. ಸುರಂಗದ ಪ್ರಧಾನ ಅಯಸ್ಕಾಂತಗಳು, ಸುಮಾರು 35 ಟನ್ ತೂಗುವ ದ್ವಿಧ್ರುವಗಳು ಸಹಿತವಾಗಿ, ಮೂರುಮೂರು ಜಾಕುಗಳ ಮೇಲೆ ನಿಂತಿವೆ. ಆ ಜಾಕುಗಳು ಅವುಗಳನ್ನು ಮಿಲಿಮೀಟರಿನ ಇಪ್ಪತ್ತರಲ್ಲೊಂದು ಪಾಲಿನ ನಿಖರತೆಯಿಂದ ಸರಿಸಿ ನಿಲ್ಲಿಸಬಲ್ಲವು. ಇಂಥ ಸುಮಾರು 7,000 ಜಾಕುಗಳನ್ನು ಇಂದೂರಿನ ಅಣುಶಕ್ತಿ ಇಲಾಖೆಯ ಕೇಂದ್ರದ ಮೂಲಕ ಭಾರತ ಒದಗಿಸಿತು. ಅವುಗಳನ್ನು ತಯಾರಿಸಿದ ಸಂಸ್ಥೆಗಳಲ್ಲಿ ಬೆಂಗಳೂರಿನ ಅವಸರಾಲ ಆಟೊಮೇಷನ್ ಒಂದು.

ಕೈಯ ಕೆಲಸದೊಡನೆ ಬುದ್ಧಿಯ ಕೆಲಸವೂ ಉಂಟು. 1991ರಲ್ಲಿ ರೋಹಿಣಿ ಗೋಡಬೋಲೆಯವರು ಮ್ಯಾನುಯೆಲ್ ಡ್ರೀಸ್ ಅವರೊಡನೆ ಒಂದು ಎಚ್ಚರಿಕೆಯನ್ನು ಮುಂದಿಟ್ಟರು. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಪುಂಜಗಳನ್ನು ಮಿತಿಮೀರಿ ಹಿಂಡಿದರೆ ಅವು ಹಾಯುವಾಗ ಒಂದರ ಕ್ಷೇತ್ರದಲ್ಲಿ ಇನ್ನೊಂದು ಬಾಗಿ ಫೋಟಾನುಗಳನ್ನು ಸೂಸುತ್ತದೆ. ಆ ಫೋಟಾನುಗಳೇ ಪರಸ್ಪರ ತಾಕಿ ಹೇಡ್ರಾನುಗಳ ಗದ್ದಲವನ್ನೆಬ್ಬಿಸಿ ಅರಸುವ ಘಟನೆಯನ್ನು ಮುಚ್ಚಬಹುದು. ಅಂದರೆ ಪುಂಜದ ಆಕಾರವನ್ನು ಘರ್ಷಣೆಗಳ ಸಂಖ್ಯೆಯೊಂದರಿಂದಲೇ ನಿರ್ಧರಿಸಲಾಗದು. 1995ರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಅವರು 2024ರಲ್ಲಿ ದಿವಂಗತರಾದರು. ಅವರ ಪ್ರಶಸ್ತಿಗಳನ್ನು ಎಣಿಸುವ ಬರಹಗಳು ಈ ವಾದವನ್ನು ವಿವರಿಸುವ ಗೋಜಿಗೆ ಹೋಗುವುದು ವಿರಳ.

ಈ ದೋಷ ನಮಗೆ ಹೊಸತಲ್ಲ. ಹೂವಿನಹಡಗಲಿ ತಾಲ್ಲೂಕಿನ ಹಿರೇಹಡಗಲಿಯ ಕಲ್ಲೇಶ್ವರ ದೇವಾಲಯವನ್ನು ಕುರಿತು ಹೇಳುವಾಗ, 1057ರ ಸುಮಾರಿಗೆ ಅದನ್ನು ವಿಸ್ತರಿಸಿದ ಚಾಲುಕ್ಯ ಮಂತ್ರಿ ದೇಮರಸನನ್ನೂ ಅವನ ಒಡೆಯ ಒಂದನೆಯ ಸೋಮೇಶ್ವರನನ್ನೂ ನಾವು ಹೆಸರಿಸುತ್ತೇವೆ. ಬಾಗಿಲುವಾಡದ ಕುಸುರಿಯನ್ನು ಕೆತ್ತಿದ ಉಳಿಯ ವಿಷಯವನ್ನು ಬಿಡುತ್ತೇವೆ. ಅಲ್ಲಿ ಒಂಬತ್ತು ಶತಮಾನಗಳಿಗೂ ಮಿಗಿಲಾದ ಅಂತರವನ್ನಾದರೂ ನೆಪವಾಗಿ ಹೇಳಬಹುದು. ಬೆಂಗಳೂರಿನ ಜಾಕುಗಳ ವಿಷಯದಲ್ಲಿ ಆ ನೆಪವಿಲ್ಲ. ಅವನ್ನು ಕಡೆದವರು, ಅಳೆದವರು, ತಿರಸ್ಕರಿಸಿ ಮತ್ತೆ ಮಾಡಿಸಿದವರು ಕೇಳಿದರೆ ಹೇಳಬಲ್ಲ ಕಾಲವಿದು. ಅವರ ಮಾತನ್ನೂ ಕಾರ್ಖಾನೆಯ ಕಡತಗಳನ್ನೂ ಸಂಗ್ರಹಿಸುವ ಹೊಣೆ ಭೌತವಿಜ್ಞಾನ ವಿಭಾಗದ್ದೆಂದು ಇತಿಹಾಸ ವಿಭಾಗ ಕೈಕಟ್ಟಿ ಕುಳಿತುಕೊಳ್ಳತಕ್ಕದ್ದಲ್ಲ.