ಮಗನನ್ನು ಕದ್ದ ತಂದೆ

2008ರಿಂದ 2013ರವರೆಗೆ ಅಮೆರಿಕದಲ್ಲಿ ಪ್ರಸಾರವಾದ ‘ಫ್ರಿಂಜ್’ ಎಂಬ ವೈಜ್ಞಾನಿಕ ಧಾರಾವಾಹಿಯ ಜೀವಾಳ ಯಂತ್ರಗಳಲ್ಲ, ವಿಜ್ಞಾನಿ ವಾಲ್ಟರ್ ಬಿಷಪ್‌ನ ಪುತ್ರಶೋಕ. (ಆರಂಭದ ಕಂತುಗಳಲ್ಲಿ ವಾರಕ್ಕೊಂದು ವಿಚಿತ್ರ ಸಾವು ಬೇಸರ ತರಿಸುತ್ತದೆ, ನಿಜ.) ಮಗ ಪೀಟರ್ ಕಾಯಿಲೆಯಿಂದ ತೀರಿಕೊಂಡ ಮೇಲೆ ವಾಲ್ಟರ್ 1985ರಲ್ಲಿ ಸಮಾನಾಂತರ ಜಗತ್ತಿಗೆ ನುಗ್ಗಿ, ಅದೇ ಕಾಯಿಲೆಯಿಂದ ನರಳುತ್ತಿದ್ದ ಅಲ್ಲಿನ ಪೀಟರ್‌ನನ್ನು ಕರೆತರುತ್ತಾನೆ. ಗುಣಪಡಿಸಿ ಮರಳಿಸುವುದೇ ಅವನ ಉದ್ದೇಶ. ಆದರೆ ಮಗುವನ್ನು ಕಂಡ ಹೆಂಡತಿಯ ಮುಖ ನೋಡಿದ ಮೇಲೆ ಮನಸ್ಸು ಬರುವುದಿಲ್ಲ. ಅವನು ಗಡಿ ದಾಟಿದ್ದರಿಂದ ಎರಡೂ ಜಗತ್ತುಗಳು ಬಿರುಕು ಬಿಡುತ್ತವೆ.

ಅಷ್ಟರಲ್ಲಿ ನಾವು ವಾಲ್ಟರ್‌ನನ್ನು ಕ್ಷಮಿಸಿಬಿಟ್ಟಿರುತ್ತೇವೆ. ಆಗ ಧಾರಾವಾಹಿ ಇನ್ನೊಬ್ಬ ತಂದೆಯನ್ನು ನಮ್ಮೆದುರು ನಿಲ್ಲಿಸುತ್ತದೆ: ಆ ಜಗತ್ತಿನ ವಾಲ್ಟರ್, ಮಗನನ್ನು ಕಳೆದುಕೊಂಡವನು. ಇಬ್ಬರನ್ನೂ ಅಭಿನಯಿಸಿದವರು ಜಾನ್ ನೋಬಲ್. ಎರಡನೆಯವನನ್ನು ಖಳನಾಯಕ ಎನ್ನಲು ನನಗಂತೂ ಬಾಯಿ ಬರಲಿಲ್ಲ.